ಇ ಶ್ರುತಿಯಿಂದ ಬಿಳಿ ಎರಡಕ್ಕೆ: ಕಾರವಾರದ ಒಂದು ಪೆಡಲ್ ಸ್ಟೀಲ್ ಗಿಟಾರಿನ ಶ್ರುತಿ ಇಳಿಸಿದ ಪ್ರಕರಣ

ಕಾರವಾರದ ಕೋಡಿಬಾಗದ ಕಡೆ, ಕಾಳಿ ನದಿಯ ಗಾಳಿ ನೇರವಾಗಿ ಒಳಗೆ ಬರುವ ಮನೆಯೊಂದರಲ್ಲಿ ಹತ್ತು ತಂತಿಗಳ ಪೆಡಲ್ ಸ್ಟೀಲ್ ಗಿಟಾರ್ ಇದೆ. ಅಮೆರಿಕದಲ್ಲಿ ಬಹುಕಾಲ ಉದ್ಯೋಗದಲ್ಲಿದ್ದ ಚಿಕ್ಕಪ್ಪ ಊರಿಗೆ ಮರಳುವಾಗ ತಂದುಕೊಟ್ಟ ಈ ವಾದ್ಯವನ್ನು ಅವರ ಅಣ್ಣನ ಮಗ ಏಳೆಂಟು ವರ್ಷಗಳಿಂದ ಶ್ರದ್ಧೆಯಿಂದ ನುಡಿಸುತ್ತಿದ್ದಾನೆ. ಸಿರಸಿಯಲ್ಲಿ ನೆಲೆಸಿರುವ, ಹಿಂದೂಸ್ತಾನಿ ಪದ್ಧತಿಯಲ್ಲಿ ದಾಸರ ಪದಗಳನ್ನು ಹಾಡುವ ಹಿರಿಯ ಗಾಯಕರೊಬ್ಬರು ಒಮ್ಮೆ ಇವನ ವಾದನ ಕೇಳಿ ಮೆಚ್ಚಿ, ಮಳೆಗಾಲ ಮುಗಿದ ಮೇಲೆ ನಡೆಯಲಿದ್ದ ಬೈಠಕ್ಕಿನಲ್ಲಿ ತಮಗೆ ಸಾಥ್ ನೀಡುವಂತೆ ಕೇಳಿದರು. ಅವರ ಷಡ್ಜ, ಅಂದರೆ ಹಾಡಿಗೆ ಆಧಾರವಾದ ಸ ಸ್ವರ, ಬಿಳಿ ಎರಡು: ಹಾರ್ಮೋನಿಯಂನ ಎರಡನೆಯ ಬಿಳಿ ಕೀಲಿ, ಪಾಶ್ಚಾತ್ಯ ಹೆಸರಿನಲ್ಲಿ ಡಿ. ಗಿಟಾರಿನ ಶ್ರುತಿ ಇ. ನಡುವಿನ ಅಂತರ ಒಂದು ಪೂರ್ಣ ಸ್ವರ. "ತಮಾ, ಇದನ್ನು ನನ್ನ ಶ್ರುತಿಗೆ ಇಳಿಸಲಿಕ್ಕೆ ಬರ್ತದೋ?" ಎಂಬ ಅವರ ಒಂದು ಪ್ರಶ್ನೆಯೇ ಈ ಪ್ರಕರಣದ ಮೂಲ.

ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಸಿರಸಿಯಲ್ಲಿ ಹಾರ್ಮೋನಿಯಂ ರೀಡುಗಳ ಸ್ವರ ಸರಿಪಡಿಸುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಹುಡುಗ ತನ್ನ ಪ್ರಯತ್ನದಲ್ಲಿ ಸೋತ ಮೇಲೆ ಗಾಯಕರ ಮಾತಿನಂತೆ ನನ್ನನ್ನು ಕರೆದ. ಮೂರು ವಾರಗಳ ಅಂತರದಲ್ಲಿ ನಾಲ್ಕು ಸಲ ಘಟ್ಟ ಇಳಿದು ಹೋಗಿ ನಾವಿಬ್ಬರೂ ಮಾಡಿದ ಕೆಲಸದ ವಿವರ ಇಲ್ಲಿದೆ. ತಂತಿಯನ್ನು ಸಡಿಲಿಸಿದರೆ ಶ್ರುತಿ ಇಳಿಯುತ್ತದೆ ಎಂಬುದು ತಂಬೂರಿ ಹಿಡಿದ ಮಗುವಿಗೂ ಗೊತ್ತು. ಆದರೆ ತಂತಿಯ ಶ್ರುತಿಯನ್ನು ಕಾಲಿನಿಂದ ಬದಲಿಸುವ ವಾದ್ಯದಲ್ಲಿ ಆ ತಿಳಿವಳಿಕೆ ಅರ್ಧ ದಾರಿಗಷ್ಟೇ ಸಾಕಾಗುತ್ತದೆ.

ವಾದ್ಯದ ಸ್ವರೂಪ

ನಾಲ್ಕು ಕಾಲುಗಳ ಮೇಲೆ ನಿಂತ, ಮೇಜಿನಂತಹ ಈ ವಾದ್ಯದ ಮುಂದೆ ವಾದಕ ಕುಳಿತುಕೊಂಡು ಎಡಗೈಯಲ್ಲಿ ಉಕ್ಕಿನ ದುಂಡನೆಯ ಬಾರನ್ನು ತಂತಿಗಳ ಮೇಲೆ ಸರಿಸುತ್ತಾ ಬಲಗೈಯಿಂದ ಮೀಟುತ್ತಾನೆ. ಇಷ್ಟರಮಟ್ಟಿಗೆ ಇದು 19ನೇ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಸ್ಟೀಲ್ ಗಿಟಾರಿನ ವಂಶದ್ದೇ. ಅದೇ ವಂಶದ ಇನ್ನೊಂದು ಕವಲು ನಮ್ಮ ದೇಶಕ್ಕೆ ಬಂದು ಬ್ರಿಜಭೂಷಣ ಕಾಬ್ರಾ ಅವರ ಕೈಯಲ್ಲಿ ಹಿಂದೂಸ್ತಾನಿ ವಾದ್ಯವಾಯಿತು, ಮುಂದೆ ವಿಶ್ವಮೋಹನ ಭಟ್ಟರ ಮೋಹನ ವೀಣೆಯಾಯಿತು. ಪೆಡಲ್ ಇರುವ ಕವಲು ಮಾತ್ರ ಅಮೆರಿಕದಲ್ಲಿಯೇ ಉಳಿದು, 1950ರ ದಶಕದಲ್ಲಿ ಅಲ್ಲಿನ ಕಂಟ್ರಿ ಸಂಗೀತದ ಮುಖ್ಯ ಧ್ವನಿಗಳಲ್ಲಿ ಒಂದಾಗಿ ಬೆಳೆಯಿತು. ಹೀಗಾಗಿ ಈ ವಾದ್ಯವನ್ನು ಗಾಯಕರ ಷಡ್ಜಕ್ಕೆ ಹೊಂದಿಸುವ ವಿಷಯದಲ್ಲಿ ನಮಗೆ ಅನುಸರಿಸಲು ಮನೆಯ ಸಂಪ್ರದಾಯವೊಂದು ಇರಲಿಲ್ಲ.

ವಾದ್ಯದ ಅಡಿಯಲ್ಲಿ ಮೂರು ಪೆಡಲುಗಳೂ ನಾಲ್ಕು ಮೊಣಕಾಲ ಲಿವರುಗಳೂ ಇವೆ. ಪೆಡಲ್ ತುಳಿದಾಗ ಅಡ್ಡದಂಡವೊಂದು ತಿರುಗಿ, ಅದಕ್ಕೆ ಸಿಕ್ಕಿಸಿದ ಪುಲ್ ರಾಡ್ ಎಂಬ ತೆಳ್ಳನೆಯ ಸರಳು ವಾದ್ಯದ ಬಲತುದಿಯ ಚೇಂಜರನ್ನು ಎಳೆಯುತ್ತದೆ. ಚೇಂಜರಿನಲ್ಲಿ ಪ್ರತಿ ತಂತಿಗೂ ಒಂದೊಂದು ಲೋಹದ ಬೆರಳಿದೆ. ಆ ಬೆರಳು ಕೂದಲೆಳೆಯಷ್ಟು ತಿರುಗಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತದೆ, ಇನ್ನೊಂದು ಏರ್ಪಾಡಿನಲ್ಲಿ ಸಡಿಲವಾಗಿ ಇಳಿಯುತ್ತದೆ. ತೆರೆದ ಸ್ವರವನ್ನು ಎಡತುದಿಯ ಬಿರಡೆಯಲ್ಲಿಯೂ, ಪೆಡಲ್ ತುಳಿದಾಗ ಬರುವ ಸ್ವರವನ್ನು ಬಲತುದಿಯಲ್ಲಿ ಸರಳಿನ ಕೊನೆಗಿರುವ ನೈಲಾನ್ ನಟ್ಟಿನಲ್ಲಿಯೂ ಶ್ರುತಿ ಮಾಡಬೇಕು. ಒಂದೇ ತಂತಿಗೆ ಎರಡು ಪೆಡಲುಗಳ ಸಂಪರ್ಕವಿದ್ದರೆ ಎರಡು ಪ್ರತ್ಯೇಕ ನಟ್ಟುಗಳಿರುತ್ತವೆ. ಈ ಕೊನೆಯ ಮಾತು ಮುಂದೆ ನಮ್ಮ ಕೈ ಹಿಡಿಯಿತು.

ಇ9 ಎಂದು ಕರೆಯುವ ರೂಢಿಯ ಶ್ರುತಿಯಲ್ಲಿ ವಾದಕನಿಂದ ದೂರದ ಮೊದಲ ತಂತಿಯಿಂದ ಹತ್ತನೆಯದರವರೆಗೆ ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ ಎಂಬ ಸ್ವರಗಳು ಬರುತ್ತವೆ. ಇ ಸ್ವರವನ್ನು ಷಡ್ಜವೆಂದು ಹಿಡಿದು ಇದನ್ನು ನಮ್ಮ ಭಾಷೆಗೆ ತಂದರೆ ಕ್ರಮ ಹೀಗಾಗುತ್ತದೆ: ರಿಷಭ, ಶುದ್ಧ ನಿಷಾದ, ಗಾಂಧಾರ, ಷಡ್ಜ, ಪಂಚಮ, ಗಾಂಧಾರ, ರಿಷಭ, ಷಡ್ಜ, ಕೋಮಲ ನಿಷಾದ, ಮಂದ್ರ ಪಂಚಮ. ಮೊದಲ ಪೆಡಲ್ ಪಂಚಮಗಳನ್ನು ಧೈವತಕ್ಕೆ ಏರಿಸುತ್ತದೆ. ಎರಡನೆಯದು ಗಾಂಧಾರಗಳನ್ನು ಶುದ್ಧ ಮಧ್ಯಮಕ್ಕೆ. ಮೂರನೆಯದು ನಾಲ್ಕನೆಯ ತಂತಿಯ ಷಡ್ಜವನ್ನು ರಿಷಭಕ್ಕೂ ಐದನೆಯ ತಂತಿಯ ಪಂಚಮವನ್ನು ಧೈವತಕ್ಕೂ. ಲಿವರುಗಳಲ್ಲಿ ಒಂದು ಷಡ್ಜವನ್ನು ಕೋಮಲ ರಿಷಭಕ್ಕೆ ಏರಿಸಿದರೆ, ಇನ್ನೊಂದು ಶುದ್ಧ ನಿಷಾದಕ್ಕೆ ಇಳಿಸುತ್ತದೆ. ಮತ್ತೊಂದು ಎರಡನೆಯ ತಂತಿಯ ಶುದ್ಧ ನಿಷಾದವನ್ನು ಕೋಮಲಕ್ಕೂ ಒಂಬತ್ತನೆಯ ತಂತಿಯ ಕೋಮಲ ನಿಷಾದವನ್ನು ಧೈವತಕ್ಕೂ ಇಳಿಸುತ್ತದೆ. ನಾಲ್ಕನೆಯ ಲಿವರು ಆರನೆಯ ತಂತಿಯ ಗಾಂಧಾರವನ್ನು ರಿಷಭಕ್ಕೆ ತರುತ್ತದೆ. ಖಮಾಜ್ ಮತ್ತು ದೇಸ್ ರಾಗಗಳನ್ನು ಬಲ್ಲವರಿಗೆ ಈ ಸ್ವರಗಳ ಪಟ್ಟಿ ನೋಡಿದೊಡನೆ ಏನೋ ಹೊಳೆಯುತ್ತದೆ: ಎರಡೂ ನಿಷಾದಗಳು, ಗಾಂಧಾರದಿಂದ ಮಧ್ಯಮಕ್ಕೆ ಕಾಲಿನಲ್ಲಿಯೇ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು), ಆ ಮೀಂಡ್ ನಡೆಯುವಾಗ ಪಕ್ಕದ ಷಡ್ಜ ಕದಲದೆ ನಿಂತಿರುವ ಸೌಕರ್ಯ. ಕೇವಲ ಬಾರ್ ಸರಿಸುವ ಗಿಟಾರಿನಲ್ಲಿ ಎಲ್ಲ ತಂತಿಗಳೂ ಒಟ್ಟಿಗೆ ಸರಿಯುವುದರಿಂದ ಈ ಸೌಕರ್ಯವಿಲ್ಲ. ಗಾಯಕರು ಮೆಚ್ಚಿದ್ದೂ ಇದನ್ನೇ.

ಬಾರನ್ನು ಹತ್ತನೆಯ ಮನೆಯಲ್ಲಿ (ಅರ್ಧ ಸ್ವರಕ್ಕೊಂದರಂತೆ ಗುರುತಿಸಿದ ಸ್ಥಾನ) ಇಟ್ಟರೆ ಡಿ ಸಿಗುತ್ತದಲ್ಲ, ಶ್ರುತಿ ಇಳಿಸುವ ಅಗತ್ಯವೇನು ಎಂದು ಕೇಳಬಹುದು. ಅಲ್ಲಿ ಸಿಗುವ ಷಡ್ಜ ಮೇಲಿನ ಸ್ಥಾಯಿಯದು. ತಂತಿಯ ಉದ್ದ ಕುಗ್ಗಿ ನಾದ ತೆಳುವಾಗುತ್ತದೆ, ಮಂದ್ರದಲ್ಲಿ ಗಾಯಕರ ಜೊತೆ ಇಳಿಯಲು ಜಾಗವಿರುವುದಿಲ್ಲ, ಮುಖ್ಯವಾಗಿ ತೆರೆದ ತಂತಿಗಳು ಸಿತಾರಿನ ಚಿಕಾರಿ ಎಂಬ ಶ್ರುತಿ ತಂತಿಗಳಂತೆ ಷಡ್ಜ ಪಂಚಮಗಳನ್ನು ನುಡಿಯುವುದಿಲ್ಲ. ಇ9 ಶ್ರುತಿಯಲ್ಲಿ ಒಂಬತ್ತನೆಯ ತಂತಿ ಹೇಗೂ ಡಿ ಸ್ವರವೇ, ಎರಡನೆಯ ಪೆಡಲ್ ತುಳಿದರೆ ಅದರ ಪಂಚಮವಾದ ಎ ಕೂಡ ಬರುತ್ತದೆ ಎಂಬ ಉಪಾಯವನ್ನು ಹುಡುಗ ಮೊದಲು ಪ್ರಯತ್ನಿಸಿದ್ದ. ಆದರೆ ಶ್ರುತಿಗಾಗಿಯೇ ಪೆಡಲನ್ನು ಸದಾ ತುಳಿದು ಹಿಡಿದರೆ ಮೀಂಡಿಗೆ ಕಾಲು ಉಳಿಯುವುದಿಲ್ಲ.

ಮೊದಲ ಪ್ರಯತ್ನ: ಬಿರಡೆ ಸಡಿಲಿಸಿದ್ದು

ನಾನು ಹೋಗುವ ಮೊದಲು ಅವನು ಹತ್ತೂ ತಂತಿಗಳನ್ನು ಬಿರಡೆಯಲ್ಲಿಯೇ ಒಂದು ಸ್ವರ ಇಳಿಸಿದ್ದ. ತಂತಿಯ ಕಂಪನಾಂಕ ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಪೂರ್ಣ ಸ್ವರ ಇಳಿದಾಗ ಕಂಪನಾಂಕ ಮೊದಲಿನ ಶೇ. 89ಕ್ಕೆ ಬರುತ್ತದೆ, ಬಿಗಿತ ಶೇ. 79ಕ್ಕೆ. ಐದರಲ್ಲಿ ಒಂದು ಪಾಲು ಬಿಗಿತ ಹೋದ ತಂತಿಗಳ ಮೇಲೆ ಬಾರ್ ಇಟ್ಟಾಗ ಅವು ಬಾರಿನ ಭಾರಕ್ಕೆ ಬಗ್ಗಿ, ಕೆಳಗಿನ ಮೂರು ತಂತಿಗಳು ಝರಝರ ಎಂದು ಸದ್ದು ಮಾಡುತ್ತಿದ್ದವು. ಕೈಯ ಒತ್ತು ಸ್ವಲ್ಪ ಹೆಚ್ಚಾದರೂ ಸ್ವರ ಮೇಲೆ ಹೋಗುತ್ತಿತ್ತು. ಐದನೆಯ ತಂತಿ ಪೆಡಲ್ ಬಿಟ್ಟ ಮೇಲೆ ತನ್ನ ಪಂಚಮಕ್ಕೆ ಪೂರ್ತಿಯಾಗಿ ಮರಳದೆ ಒಂದು ಎಳೆ ಮೇಲೆಯೇ ನಿಲ್ಲುತ್ತಿತ್ತು.

ಈ ಕೊನೆಯ ದೋಷಕ್ಕೆ ಕಾರಣ ಚೇಂಜರಿನ ಒಳಗಿದೆ. ಏರಿಸಿದ ಬೆರಳನ್ನು ತನ್ನ ಸ್ಥಾನಕ್ಕೆ ಮರಳಿ ಎಳೆಯುವುದು ತಂತಿಯ ಬಿಗಿತವೇ. ಅದು ಕಡಿಮೆಯಾದರೆ ಎಣ್ಣೆ ಒಣಗಿದ ಕೀಲುಗಳ ಘರ್ಷಣೆಯನ್ನು ಮೀರುವ ಶಕ್ತಿಯೂ ಕಡಿಮೆಯಾಗುತ್ತದೆ. ಹುಡುಗ ಇದನ್ನು ಸ್ಪ್ರಿಂಗಿನ ದೋಷವೆಂದು ತಿಳಿದು ಬಲತುದಿಯ ಸ್ಪ್ರಿಂಗುಗಳನ್ನು ಬಿಗಿ ಮಾಡಿದ್ದ. ಆ ಸ್ಪ್ರಿಂಗುಗಳ ಕೆಲಸವೇ ಬೇರೆ: ಸ್ವರ ಇಳಿಸುವ ಬೆರಳನ್ನು ತಂತಿಯ ಎಳೆತಕ್ಕೆ ಎದುರಾಗಿ ಹಿಡಿದು ನಿಲ್ಲಿಸುವುದು. ತಂತಿ ಸಡಿಲಾದಾಗ ಅವು ಮೊದಲೇ ಅಗತ್ಯಕ್ಕಿಂತ ಬಲವಾಗಿದ್ದವು. ಇನ್ನಷ್ಟು ಬಿಗಿ ಮಾಡಿದ್ದರಿಂದ ಇಳಿಸುವ ಲಿವರುಗಳು ಮೊಣಕಾಲಿಗೆ ನೋವಾಗುವಷ್ಟು ಗಟ್ಟಿಯಾದವು. ವಾದ್ಯದ ಒಳಗೆ ಬಲಗಳು ಎದುರುಬದುರು ನಿಂತು ಸಮತೋಲದಲ್ಲಿರುವಾಗ ಒಂದು ಬದಿಯನ್ನು ಬದಲಿಸಿ ಇನ್ನೊಂದು ಬದಿಯನ್ನು ಊಹೆಯಿಂದ ಸರಿದೂಗಿಸಲು ಹೋಗಬಾರದೆಂದು ನಾನು ಅವನಿಗೆ ಹೇಳಿದೆ, ಮತ್ತು ಸ್ಪ್ರಿಂಗುಗಳನ್ನು ಮೊದಲಿನ ಗುರುತಿಗೆ ತಂದೆವು.

ಎರಡನೆಯ ಹೆಜ್ಜೆ: ತಂತಿಗಳನ್ನು ದಪ್ಪ ಮಾಡಿದ್ದು

ಶ್ರುತಿ ಇಳಿದರೂ ಬಿಗಿತ ಮೊದಲಿನಷ್ಟೇ ಇರಬೇಕಾದರೆ ತಂತಿಯ ತೂಕ ಹೆಚ್ಚಬೇಕು. ಒಂದು ಪೂರ್ಣ ಸ್ವರಕ್ಕೆ ತೂಕ 1.26 ಪಟ್ಟು, ಸಾದಾ ಉಕ್ಕಿನ ತಂತಿಯಲ್ಲಿ ವ್ಯಾಸ ಸುಮಾರು 1.12 ಪಟ್ಟು. ಗಿಟಾರಿನ ತಂತಿಗಳನ್ನು ಇಂಚಿನ ಸಾವಿರದ ಭಾಗಗಳಲ್ಲಿ ಅಳೆಯುವ ರೂಢಿಯಿದೆ. ವಾದ್ಯದಲ್ಲಿದ್ದ ಹಳೆಯ ತಂತಿಗಳು ಕ್ರಮವಾಗಿ 13, 15, 11, 14, 17, 20 ಸಾದಾ ತಂತಿಗಳು, ಮತ್ತು 26, 30, 34, 36 ಸುತ್ತಿನ ತಂತಿಗಳು, ಅಂದರೆ ಒಳತಂತಿಯ ಮೇಲೆ ಇನ್ನೊಂದು ತಂತಿ ಸುತ್ತಿದವು. ಲೆಕ್ಕದ ಪ್ರಕಾರ ಬೇಕಾದದ್ದಕ್ಕೆ ಸಮೀಪವಾಗಿ ಬಿಡಿಯಾಗಿ ಸಿಕ್ಕವನ್ನು ತರಿಸಿ 15, 17, 12, 16, 19, 22, 30, 34, 38, 40 ಎಂದು ಜೋಡಿಸಿದೆವು. ಇವು ಎಲೆಕ್ಟ್ರಿಕ್ ಗಿಟಾರಿಗೆ ಮಾರುವ ಬಿಡಿ ತಂತಿಗಳೇ, ಉದ್ದ ಸಾಕಾಯಿತು.

ಮೂರನೆಯ ತಂತಿಯ ಲೆಕ್ಕವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ವಾದ್ಯದಲ್ಲಿ ಪದೇ ಪದೇ ಕಡಿಯುವುದು ಅದೇ. 24 ಇಂಚು ಉದ್ದದಲ್ಲಿ 11ರ ತಂತಿಯನ್ನು ಜಿ ಶಾರ್ಪಿಗೆ ಏರಿಸಿದಾಗ ಬಿಗಿತ ಸುಮಾರು 12.6 ಕಿಲೋ, ಪೆಡಲ್ ತುಳಿದು ಎ ಮಾಡಿದಾಗ ಸುಮಾರು 14.1 ಕಿಲೋ. ಅದನ್ನೇ ಎಫ್ ಶಾರ್ಪಿಗೆ ಸಡಿಲಿಸಿದರೆ 10 ಕಿಲೋಗೆ ಬೀಳುತ್ತದೆ. 12ರ ತಂತಿ ಹಾಕಿದರೆ ಸುಮಾರು 11.9 ಕಿಲೋ, ಹಳೆಯ ಸ್ಥಿತಿಗೆ ಹತ್ತಿರ. ಆದರೆ ತಂತಿ ಕಡಿಯುವುದನ್ನು ನಿರ್ಧರಿಸುವುದು ಒಟ್ಟು ಎಳೆತವಲ್ಲ, ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಎಳೆತ. ಹಳೆಯ ಶ್ರುತಿಯಲ್ಲಿ ಪೆಡಲ್ ತುಳಿದಾಗ ಅದು ಸುಮಾರು 230 ಕಿಲೋ ಇತ್ತು, ಹೊಸ ಶ್ರುತಿಯಲ್ಲಿ ಸುಮಾರು 183. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುವ ಕಾರವಾರದಲ್ಲಿ ಇದು ಸಣ್ಣ ಲಾಭವಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಂದು ಮೂರನೆಯ ತಂತಿ ಕಳೆದುಕೊಳ್ಳುತ್ತಿದ್ದ ಹುಡುಗ, ಶ್ರುತಿ ಇಳಿಸಿದ ಮೇಲೆ ಆಷಾಢದಿಂದ ನವರಾತ್ರಿಯವರೆಗೆ ಒಂದೇ ತಂತಿಯಲ್ಲಿ ನುಡಿಸಿದ.

ದಪ್ಪ ತಂತಿಗಳು ಮೇರುವಿನ ಉರುಳೆಗಳಲ್ಲಿ ಸರಿಯಾಗಿ ಕೂರಲಿಲ್ಲ. ಈ ವಾದ್ಯದ ಎಡತುದಿಯಲ್ಲಿ ಪ್ರತಿ ತಂತಿಗೂ ಅದರ ದಪ್ಪಕ್ಕೆ ತಕ್ಕ ಕಚ್ಚಿರುವ ಪುಟ್ಟ ಉರುಳೆಯಿದೆ, ತಂತಿಗಳ ಮೇಲ್ಮೈ ಒಂದೇ ಮಟ್ಟದಲ್ಲಿರಲೆಂದು. ಬಾರ್ ಉಕ್ಕಿನದು, ಬಗ್ಗುವುದಿಲ್ಲ. ಒಂದು ತಂತಿ ಎದ್ದು ನಿಂತರೆ ಪಕ್ಕದ ತಂತಿಗೆ ಬಾರ್ ತಾಗುವುದೇ ಇಲ್ಲ. ಹೊಸ ಉರುಳೆಗಳನ್ನು ತರಿಸಲು ಸಮಯವಿರಲಿಲ್ಲವಾದ್ದರಿಂದ ಇದ್ದವನ್ನೇ ಸ್ಥಾನ ಬದಲಿಸಿದೆವು: ಮೊದಲ ತಂತಿಯ 15, ಎರಡನೆಯದರ ಹಳೆಯ ಉರುಳೆಗೆ ಹೊಂದಿತು, ಎರಡನೆಯದರ 17, ಐದನೆಯದರ ಉರುಳೆಗೆ, ಏಳನೆಯದರ 30, ಎಂಟನೆಯದರದಕ್ಕೆ, ಎಂಟನೆಯದರ 34, ಒಂಬತ್ತನೆಯದರದಕ್ಕೆ. ನಾಲ್ಕನೆಯ ಮತ್ತು ಹತ್ತನೆಯ ತಂತಿಗಳಿಗೆ ಮಾತ್ರ ಏನೂ ಹೊಂದದೆ, ಕಾರವಾರದ ಲೇತ್ ಕೆಲಸಗಾರರೊಬ್ಬರಿಂದ ಹಿತ್ತಾಳೆಯ ಎರಡು ಉರುಳೆಗಳನ್ನು ಕಡೆಸಿದೆವು. ದೋಣಿಯ ಎಂಜಿನ್ನುಗಳ ಬಿಡಿಭಾಗ ಮಾಡುವ ಆ ಕೈ ಈ ಸೂಕ್ಷ್ಮ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟಿತು.

ನನ್ನ ಊಹೆ ತಪ್ಪಿದ ಜಾಗ

ಬಿಗಿತ ಹಳೆಯ ಮಟ್ಟಕ್ಕೆ ಬಂದ ಮೇಲೆ ಪೆಡಲುಗಳೂ ತಾವಾಗಿಯೇ ಸರಿಯಾಗುತ್ತವೆ ಎಂದು ನಾನು ನಂಬಿದ್ದೆ. ಝರಝರ ಹೋಯಿತು, ಐದನೆಯ ತಂತಿ ತನ್ನ ಸ್ಥಾನಕ್ಕೆ ಮರಳಿತು, ಲಿವರುಗಳು ಹಗುರವಾದವು. ಆದರೆ ಮೊದಲ ಪೆಡಲ್ ತುಳಿದಾಗ ಪಂಚಮ ಧೈವತವನ್ನು ದಾಟಿ ಕೋಮಲ ನಿಷಾದದ ಅರ್ಧದಾರಿಗೆ ಹೋಯಿತು. ಎರಡನೆಯ ಪೆಡಲ್ ಗಾಂಧಾರವನ್ನು ಮಧ್ಯಮದ ಮೇಲಕ್ಕೆ ಒಯ್ದಿತು. ಸಡಿಲ ತಂತಿಯಿದ್ದಾಗಲೂ ಹೀಗೆಯೇ ಆಗುತ್ತಿತ್ತು ಎಂದು ಹುಡುಗ ನೆನಪಿಸಿದ. ಅದನ್ನು ನಾನು ಸಡಿಲಿನ ದೋಷವೆಂದು ಪಕ್ಕಕ್ಕಿಟ್ಟಿದ್ದೆ.

ಆ ರಾತ್ರಿ ಕಾರವಾರದಲ್ಲಿಯೇ ಉಳಿದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಪೆಡಲ್ ತಂತಿಗೆ ಕೊಡುವುದು ನೇರವಾಗಿ ಬಿಗಿತವನ್ನಲ್ಲ, ಉದ್ದದ ಹಿಗ್ಗನ್ನು. ಒಂದು ಮಿಲಿಮೀಟರಿನ ಭಾಗದಷ್ಟು ಹಿಗ್ಗಿದಾಗ ಎಷ್ಟು ಬಿಗಿತ ಹೆಚ್ಚುತ್ತದೆ ಎಂಬುದು ಉಕ್ಕಿನ ಅಡ್ಡಕೊಯ್ತವನ್ನು ಅವಲಂಬಿಸಿದೆ: ದಪ್ಪ ತಂತಿ ಅಷ್ಟೇ ಹಿಗ್ಗಿಗೆ ಹೆಚ್ಚು ಬಿಗಿಯಾಗುತ್ತದೆ. ಹೀಗಾಗಿ ತಂತಿಯನ್ನು ಸಡಿಲಿಸಿ ಶ್ರುತಿ ಇಳಿಸಿದರೂ, ದಪ್ಪ ಮಾಡಿ ಇಳಿಸಿದರೂ, ಸಾದಾ ತಂತಿಯಲ್ಲಿ ಫಲ ಒಂದೇ. ನಿರ್ದಿಷ್ಟ ಅಂತರವನ್ನು ಏರಿಸಲು ಬೇಕಾದ ಹಿಗ್ಗು, ತಂತಿಯ ದಪ್ಪದ ಮೇಲಲ್ಲ, ಅದರ ಶ್ರುತಿಯ ವರ್ಗದ ಮೇಲೆ ನಿಂತಿದೆ. ಒಂದು ಪೂರ್ಣ ಸ್ವರ ಇಳಿದ ವಾದ್ಯಕ್ಕೆ ಪೆಡಲಿನ ಎಳೆತ ಶೇ. 20ರಷ್ಟು ಕಡಿಮೆ ಸಾಕು. ಮೂರನೆಯ ತಂತಿಯ ಮೀಟುವ ಉದ್ದವನ್ನಷ್ಟೇ ಗಣಿಸಿದರೆ ಗಾಂಧಾರದಿಂದ ಮಧ್ಯಮಕ್ಕೆ ಹೋಗಲು ಮೊದಲು ಸುಮಾರು 0.73 ಮಿಲಿಮೀಟರ್ ಹಿಗ್ಗು ಬೇಕಿತ್ತು, ಈಗ 0.58 ಸಾಕು.

ಹಳೆಯ ಎಳೆತವನ್ನೇ ಉಳಿಸಿದರೆ ಎಷ್ಟು ತಪ್ಪುತ್ತದೆ ಎಂಬುದನ್ನೂ ಲೆಕ್ಕದಿಂದ ಹೇಳಬಹುದು. ಅರ್ಧ ಸ್ವರವನ್ನು 100 ಸೆಂಟ್ ಎಂದು ಎಣಿಸುವ ಅಳತೆಯಲ್ಲಿ, 200 ಸೆಂಟ್ ಏರಬೇಕಾದ ತಂತಿ ಸುಮಾರು 245 ಏರುತ್ತದೆ. 100 ಏರಬೇಕಾದದ್ದು 124 ಏರುತ್ತದೆ. 100 ಇಳಿಯಬೇಕಾದದ್ದು 128 ಇಳಿಯುತ್ತದೆ. ಬೆಳಿಗ್ಗೆ ಶ್ರುತಿ ಅಳೆಯುವ ಯಂತ್ರವನ್ನಿಟ್ಟು ನೋಡಿದಾಗ ಐದನೆಯ ತಂತಿ 243 ತೋರಿಸಿತು. ಕಾಗದದ ಲೆಕ್ಕವೂ ತಂತಿಯ ನುಡಿಯೂ ಇಷ್ಟು ಹತ್ತಿರ ಬಂದಾಗ ಆಗುವ ಸಂತೋಷವನ್ನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿಯೂ ನಾನು ಹೆಚ್ಚು ಕಂಡಿರಲಿಲ್ಲ.

ಇದನ್ನು ನೈಲಾನ್ ನಟ್ಟುಗಳನ್ನು ಹಿಂದಕ್ಕೆ ತಿರುಗಿಸಿಯೇ ಸರಿಪಡಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಪೆಡಲ್ ತುಳಿಯಲಾರಂಭಿಸಿದ ಮೊದಲ ಭಾಗದಲ್ಲಿ ಏನೂ ನಡೆಯದೆ, ಉಳಿದ ಭಾಗದಲ್ಲಿ ಸ್ವರ ತಟ್ಟನೆ ಏರುತ್ತದೆ. ಮೀಂಡಿನ ಆರಂಭವೇ ಕಾಲಿಗೆ ಸಿಗುವುದಿಲ್ಲ. ಸಾದಾ ತಂತಿಗಳೆಲ್ಲ ಒಂದೇ ಪ್ರಮಾಣದಲ್ಲಿ ತಪ್ಪಿದ್ದರಿಂದ ನಾವು ಪೆಡಲ್ ಮತ್ತು ಲಿವರುಗಳ ತಡೆ ತಿರುಪುಗಳನ್ನು ತಿರುಗಿಸಿ, ಅವುಗಳ ಓಟವನ್ನೇ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿದೆವು. ಒಮ್ಮೆಗೇ ಪೆಡಲ್, ಲಿವರುಗಳ ಸಂಪರ್ಕವಿರುವ ಐದು ಸಾದಾ ತಂತಿಗಳು ಗುರಿಯ ಹತ್ತಿರ ಬಂದವು; ನಟ್ಟುಗಳಲ್ಲಿ ಉಳಿದದ್ದು ನಯಗೊಳಿಸುವ ಕೆಲಸ ಮಾತ್ರ.

ಹತ್ತನೆಯ ತಂತಿ ಮಾತ್ರ ಈಗ ಧೈವತವನ್ನು ಮುಟ್ಟದೆ ಕೆಳಗೇ ನಿಂತಿತು. ಅದು ಸುತ್ತಿನ ತಂತಿ. ಎಳೆತವನ್ನು ಹೊರುವುದು ಒಳತಂತಿ, ಸುತ್ತು ಕೊಡುವುದು ತೂಕವನ್ನಷ್ಟೇ. ಹಳೆಯ 36ರ ಮತ್ತು ಹೊಸ 40ರ ತಂತಿಗಳ ತುದಿಯ ಸುತ್ತು ಬಿಚ್ಚಿ ಮೈಕ್ರೋಮೀಟರಿನಲ್ಲಿ ಅಳೆದಾಗ ಒಳತಂತಿ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ದಪ್ಪವಿತ್ತು. ಒಳತಂತಿ ಬದಲಾಗದೆ ಬಿಗಿತವೂ ಹಳೆಯಷ್ಟೇ ಆದಾಗ ಬೇಕಾದ ಹಿಗ್ಗೂ ಹಳೆಯಷ್ಟೇ. ಓಟ ಕಡಿಮೆಯಾದ ಪೆಡಲಿಗೆ ಅದು ಸಾಲಲಿಲ್ಲ. ಅಡ್ಡದಂಡದ ಕೊಂಡಿಯಲ್ಲಿ ಆ ಒಂದು ಸರಳನ್ನು ದಂಡದಿಂದ ಒಂದು ತೂತು ದೂರಕ್ಕೆ ಬದಲಿಸಿ ಎಳೆತ ಹೆಚ್ಚಿಸಿದ ಮೇಲೆ, ಐದನೆಯದೂ ಹತ್ತನೆಯದೂ ಒಟ್ಟಿಗೆ ಹೊರಟು ಒಟ್ಟಿಗೆ ತಲುಪಿದವು. ಸುತ್ತಿನ ತಂತಿ ಕೊಳ್ಳುವಾಗ ಹೊರಗಿನ ಅಳತೆಯನ್ನಷ್ಟೇ ನೋಡಿದ್ದು ನನ್ನ ಕಡೆಯ ಕೊರತೆ. ಮುಂದೆ ಈ ಕೆಲಸ ಮಾಡುವವರು ಒಳತಂತಿಯನ್ನೂ ಅಳೆದುಕೊಳ್ಳುವುದು ಒಳ್ಳೆಯದು.

ಗಾಯಕರ ಎದುರಿನ ಶ್ರುತಿ

ನಾಲ್ಕನೆಯ ಭೇಟಿಗೆ ಗಾಯಕರೂ ತಮ್ಮ ತಂಬೂರಿ, ಹಾರ್ಮೋನಿಯಂಗಳೊಂದಿಗೆ ಕಾರವಾರಕ್ಕೆ ಬಂದರು. ಅವರ ಹಾರ್ಮೋನಿಯಂನ ಬಿಳಿ ಎರಡು, ಯಂತ್ರ ತೋರಿಸುವ ಡಿಗಿಂತ 8 ಸೆಂಟ್ ಮೇಲಿತ್ತು. ಯಂತ್ರವನ್ನು ಮುಚ್ಚಿಟ್ಟು, ತಂಬೂರಿಯನ್ನು ಅವರ ಕಂಠಕ್ಕೂ ಗಿಟಾರನ್ನು ತಂಬೂರಿಗೂ ಸೇರಿಸಿದೆವು.

ಗಾಂಧಾರದಲ್ಲಿ ತಕರಾರು ಬರಲಿಲ್ಲ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ, ಹಾರ್ಮೋನಿಯಂನ ಸಮಪಾಲು ಮಾಡಿದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಪೆಡಲ್ ಸ್ಟೀಲ್ ನುಡಿಸುವ ಅಮೆರಿಕದವರೂ ತಮ್ಮ ಸ್ವರಮೇಳ ಇಂಪಾಗಲೆಂದು ಆ ತಂತಿಗಳನ್ನು ಹೀಗೆಯೇ ಇಳಿಸಿಕೊಳ್ಳುವ ರೂಢಿಯಿದೆ. ಎರಡು ದೂರದ ಸಂಗೀತಗಳ ಕಿವಿ ಇಲ್ಲಿ ಒಂದೇ ಜಾಗಕ್ಕೆ ಬಂದು ನಿಂತಿರುವುದನ್ನು ಕೇಳಿದಾಗ ಗಾಯಕರ ಮುಖ ಅರಳಿತು.

ಧೈವತದಲ್ಲಿ ತೊಡಕಾಯಿತು. ಮೊದಲೆರಡು ಪೆಡಲುಗಳನ್ನು ಒಟ್ಟಿಗೆ ತುಳಿದಾಗ ಮಧ್ಯಮ, ಧೈವತ, ಷಡ್ಜ ಕೂಡಿ ನುಡಿಯುತ್ತವೆ; ಅಲ್ಲಿ ಧೈವತ ಷಡ್ಜದಿಂದ 884 ಸೆಂಟಿನಲ್ಲಿದ್ದರೆ ಮಾತ್ರ ಕಿವಿಗೆ ಹಿತ. ಆದರೆ ದೇಸ್ ರಾಗದ ಪದವೊಂದನ್ನು ಹಾಡುತ್ತಾ ಗಾಯಕರು ಧೈವತದಲ್ಲಿ ನಿಂತು, "ತಮಾ, ಇದು ಇಳಿದದೆ, ನನ್ನ ರಿಷಭಕ್ಕೆ ಕೂಡೂದಿಲ್ಲ" ಎಂದರು. ಅವರ ಮಾತು ಸರಿಯಾಗಿತ್ತು. ರಿಷಭದ ಶುದ್ಧ ಪಂಚಮವಾಗಿ ನಿಲ್ಲುವ ಧೈವತ 906 ಸೆಂಟಿನದು. ಎರಡರ ನಡುವೆ 22 ಸೆಂಟಿನ ವ್ಯತ್ಯಾಸವಿದೆ. ಹಾರ್ಮೋನಿಯಂ ಆಗಿದ್ದರೆ ಒಂದನ್ನು ಬಿಟ್ಟುಕೊಡಬೇಕಿತ್ತು. ಇಲ್ಲಿ ಐದನೆಯ ತಂತಿಯ ಪಂಚಮವನ್ನು ಮೊದಲ ಪೆಡಲೂ ಮೂರನೆಯ ಪೆಡಲೂ ಧೈವತಕ್ಕೆ ಏರಿಸುತ್ತವೆ, ಎರಡಕ್ಕೂ ಬೇರೆ ಬೇರೆ ನಟ್ಟುಗಳಿವೆ, ಮೂರನೆಯದು ಅದೇ ಹೊತ್ತಿಗೆ ಷಡ್ಜವನ್ನು ರಿಷಭಕ್ಕೂ ಏರಿಸುತ್ತದೆ. ಮೊದಲ ಪೆಡಲಿನ ಧೈವತವನ್ನು ಮಧ್ಯಮದ ಮೇಳಕ್ಕೂ, ಮೂರನೆಯದರ ಧೈವತವನ್ನು ರಿಷಭದ ಜೊತೆಗೂ ಶ್ರುತಿ ಮಾಡಿದೆವು. ಗಾಯಕರು ಎರಡನ್ನೂ ಹಲವು ಸಲ ಕೇಳಿ, ಯಾವ ಸಾಲಿನಲ್ಲಿ ಯಾವ ಧೈವತ ಬೇಕೆಂದು ಹುಡುಗನಿಗೆ ಹಾಡಿ ತೋರಿಸಿದರು. ಇಡೀ ಕೆಲಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಗಳಿಗೆ ಅದು.

ವಯಸ್ಸಿನ ಕಾರಣ ಕೆಲವು ದಿನ ಕಪ್ಪು ಒಂದರಲ್ಲಿ, ಅಂದರೆ ಸಿ ಶಾರ್ಪಿನಲ್ಲಿ, ಹಾಡುವುದುಂಟೆಂದು ಗಾಯಕರು ಆಮೇಲೆ ತಿಳಿಸಿದಾಗ, ಇನ್ನೂ ಅರ್ಧ ಸ್ವರ ಇಳಿಸಬೇಕೇ ಎಂದು ಯೋಚಿಸಿದೆವು. ಬಾರ್ ಸ್ವರವನ್ನು ಮೇಲಕ್ಕೆ ಮಾತ್ರ ಒಯ್ಯಬಲ್ಲದು. ಕಪ್ಪು ಒಂದಕ್ಕೆ ಇಳಿಸಿದರೆ ಬಿಳಿ ಎರಡು ಮೊದಲ ಮನೆಯಲ್ಲಿ ಸಿಗುತ್ತದೆ, ಆದರೆ ಹೆಚ್ಚಿನ ಬೈಠಕ್ಕುಗಳಲ್ಲಿ ತೆರೆದ ತಂತಿಗಳ ಷಡ್ಜ ಕೈ ತಪ್ಪುತ್ತದೆ. ಬಿಳಿ ಎರಡರಲ್ಲಿಯೇ ಉಳಿಸಿದೆವು.

ಬೈಠಕ್ ಸಿರಸಿಯಲ್ಲಿ ಎಣಿಸಿದಂತೆ ನಡೆಯಿತು. ಘಟ್ಟ ಹತ್ತಿದ ವಾದ್ಯ ಹವೆಯ ಬದಲಾವಣೆಗೆ ಒಂದೆರಡು ಗಂಟೆ ಅಲುಗಿದರೂ, ಸಂಜೆಯ ಹೊತ್ತಿಗೆ ನಿಂತಿತು. ದೇಸ್, ಖಮಾಜ್‌ಗಳಲ್ಲಿ ತೆರೆದ ತಂತಿಗಳು ತಂಬೂರಿಯ ಜೊತೆ ಬೆರೆತವು. ಕೊನೆಯಲ್ಲಿ ಗಾಯಕರು ಕೋಮಲ ಗಾಂಧಾರದ ಭೈರವಿ ರಾಗವನ್ನು ಎತ್ತಿಕೊಂಡಾಗ ಮೂರನೆಯ ಮತ್ತು ಆರನೆಯ ತಂತಿಗಳ ಶುದ್ಧ ಗಾಂಧಾರ ಅಡ್ಡ ಬಂತು. ಹುಡುಗ ಮೂರನೆಯದನ್ನು ಅಂಗೈಯಿಂದ ಒತ್ತಿ ಮೌನವಾಗಿಸಿ, ಆರನೆಯದನ್ನು ಲಿವರಿನಿಂದ ರಿಷಭಕ್ಕೆ ಇಳಿಸಲು ಹೋಗಿ, ಅದೂ ಭೈರವಿಯ ಕೋಮಲ ರಿಷಭಕ್ಕೆ ಹೊಂದದೆ ಆ ತಂತಿಯನ್ನೂ ಬಿಟ್ಟು ಉಳಿದವುಗಳಲ್ಲಿಯೇ ಪದ ಮುಗಿಸಿದ. ಆರನೆಯ ತಂತಿಯ ಲಿವರಿಗೆ ನಡುದಾರಿಯಲ್ಲಿ ಕೋಮಲ ಗಾಂಧಾರದ ತಡೆಯೊಂದನ್ನು ಕೂಡಿಸುವ ಕೆಲಸ ಈಗ ನಡೆದಿದೆ. ಅದಕ್ಕೆ ಬೇಕಾದ ಸ್ಪ್ರಿಂಗಿನ ಅಳತೆಯನ್ನು ಮೊನ್ನೆ ಕೋಡಿಬಾಗದಲ್ಲಿ ತೆಗೆದುಕೊಂಡು ಬಂದಿದ್ದೇನೆ.